ಗುರೆಳ್ಳ ಹಿಂಡಿ ಕಟ್ಟಿಕೊಂಡು ಸಿಮಿಯನ್ ಬೆಟ್ಟಕ್ಕೆ

ಮುಂಬೈಯಲ್ಲಿ ವಿಮಾನ ಹತ್ತುವಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ರೊಟ್ಟಿಯೇ ಹೆಚ್ಚಿತ್ತು. ಐವತ್ತು ಕಡಕ್ ರೊಟ್ಟಿ, ಒಂದು ಸ್ಟೀಲ್ ಡಬ್ಬಿ ಗುರೆಳ್ಳ ಹಿಂಡಿ, ಇನ್ನೊಂದು ಡಬ್ಬಿ ಶೇಂಗಾ ಹಿಂಡಿ. ಅಣ್ಣ ಇಥಿಯೋಪಿಯಾದ ಗೊಂಡರ್ ಊರಿನ ಕಾಲೇಜಿನಲ್ಲಿ ಮೇಷ್ಟ್ರಾಗಿ ಹೋಗಿ ಆಗಲೇ ಮೂರು ವರ್ಷವಾಗಿತ್ತು. ಪ್ರತಿ ಫೋನಿನಲ್ಲೂ ಒಂದೇ ಮಾತು: "ತಂಗಿ, ಮಳಿ ನಿಂತಮ್ಯಾಲ ಬಾ. ಸಿಮಿಯನ್ ಬೆಟ್ಟ ತೋರಸ್ತೀನಿ. ಬರೋ ಮುಂದ ರೊಟ್ಟಿ ತಗೊಂಡ ಬಾ." 2019ರ ಅಕ್ಟೋಬರ್ ರಜೆಗೆ ಹೊರಟೆ. ಬಾಗಲಕೋಟೆ ನವನಗರದ ಮನೆಯ ಬಾಗಿಲಲ್ಲಿ ನಿಂತ ಅಪ್ಪ "ಅಲ್ಲೇನ ಐತಿ ನೋಡಾಕ?" ಅಂತ ಕೇಳಿದ್ದಕ್ಕೆ "ಬೆಟ್ಟ" ಅಂದಿದ್ದೆ. ಆಗ ನನಗೆ ಗೊತ್ತಿದ್ದದ್ದು ಅಷ್ಟೇ.

ಮಂಗಳವಾರ, ಗೊಂಡರ್

ಅಡಿಸ್ ಅಬಾಬದಿಂದ ಸಣ್ಣ ವಿಮಾನದಲ್ಲಿ ಗೊಂಡರ್ ಮುಟ್ಟಿದಾಗ ಮಧ್ಯಾಹ್ನ. ಸಂಜೆ ಅಣ್ಣ ಕೋಟೆಗೆ ಕರೆದುಕೊಂಡು ಹೋದ. ದೊರೆ ಫಸಿಲಿದೆಸ್ 1636ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ. ನಮ್ಮ ವಿಜಯಪುರದಲ್ಲಿ ಮುಹಮ್ಮದ್ ಆದಿಲ್‌ಶಾಹ ಆಳುತ್ತಿದ್ದ ಕಾಲವೂ ಅದೇ. ಆ ಆದಿಲ್‌ಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬಶಿ, ಅಂದರೆ ಈ ಅಬಿಸಿನಿಯಾ ಕಡೆಯ ಮೂಲದವನು. 'ಹಬಶಿ' ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಇಲ್ಲಿಯ ಜನ ಈಗಲೂ ತಮ್ಮನ್ನು 'ಹಬೆಶಾ' ಎಂದೇ ಕರೆದುಕೊಳ್ಳುತ್ತಾರೆ ಅಂತ ಅಣ್ಣ ಹೇಳಿದಾಗ ಗೋಲಗುಂಬಜ್ ಒಮ್ಮೆಲೆ ಹತ್ತಿರ ಬಂದಂತಾಯಿತು. ಎರಡೂ ಕಡೆ ಕಟ್ಟಡದ ಕಲ್ಲು ಕರಿಯದೇ. ಎರಡೂ ನಾಡು ಹಳೆಯ ಲಾವಾರಸ ಹರಿದು ಗಟ್ಟಿಯಾದ ನೆಲ. ನಮ್ಮ ದಖ್ಖನಿನದು ಸುಮಾರು 6.6 ಕೋಟಿ ವರ್ಷದ ಹಿಂದಿನದು, ಇಲ್ಲಿಯದು ಸುಮಾರು 3 ಕೋಟಿ ವರ್ಷದ್ದು.

ರಾತ್ರಿ ಅಣ್ಣ ಗೈಡ್ ಹುಡುಗನ ಜೊತೆ ಫೋನಿನಲ್ಲಿ ಮಾತಾಡಿ "ನಾಳೆ ಒಂದು ಗಂಟೆಗೆ ಹೊರಡೋದು" ಅಂದ. ನಡುರಾತ್ರಿಯಲ್ಲೇ ಅಂತ ಗಾಬರಿಯಾದೆ. ಇಲ್ಲಿ ಗಡಿಯಾರ ಸೂರ್ಯನ ಜೊತೆ ಶುರುವಾಗುತ್ತದೆ. ಬೆಳಿಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ಸೂರ್ಯೋದಯದಿಂದ ಗಳಿಗೆ ಎಣಿಸುವ ಪಂಚಾಂಗದವರಿಗೆ ಇದು ತಿಳಿಯದ ಲೆಕ್ಕವಲ್ಲ. ವರ್ಷ ಮಾತ್ರ ಅವರದು ಆಗ 2012.

ಬುಧವಾರ, ಸಂಕಾಬರ್

ಗೊಂಡರ್‌ನಿಂದ ಡೆಬಾರ್ಕ್ ಸುಮಾರು 100 ಕಿಲೋಮೀಟರ್. ದಾರಿಯುದ್ದಕ್ಕೂ ಎರೆ ಹೊಲ. ತೆಫ್ ಎಂಬ ಸಣ್ಣ ಧಾನ್ಯದ ತೆನೆ ಹಸಿರಿನಿಂದ ಬಂಗಾರಕ್ಕೆ ತಿರುಗುವ ಹೊತ್ತು. ನಡುನಡುವೆ ಹಳದಿ ಹೂವಿನ ಪಟ್ಟಿಗಳು ಕಂಡವು. ವ್ಯಾನ್ ಜೋರಾಗಿ ಹೋಗುತ್ತಿತ್ತು, ಯಾವ ಬೆಳೆಯೆಂದು ಗುರುತು ಹತ್ತಲಿಲ್ಲ.

ಡೆಬಾರ್ಕ್‌ನಲ್ಲಿ ರಾಷ್ಟ್ರೀಯ ಉದ್ಯಾನದ ಕಚೇರಿ ಇದೆ. ಅಲ್ಲಿ ಹಣ ಕಟ್ಟಿ, ಚೀಟಿ ಮಾಡಿಸಿ, ಬಂದೂಕು ಹಿಡಿದ ಒಬ್ಬ ಸ್ಕೌಟ್‌ನನ್ನು ಕರೆದುಕೊಂಡೇ ಒಳಗೆ ಹೋಗಬೇಕು. ನಮಗೆ ಬಂದವರು ಅರವತ್ತರ ಆಸುಪಾಸಿನ ಮನುಷ್ಯ. ಮೈಮೇಲೆ ದಪ್ಪ ಹತ್ತಿಯ ಹೊದಿಕೆ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಹೆಗಲಿಗೆ ಹಳೆಯ ಬಂದೂಕು. ಇಂಗ್ಲಿಷ್ ಒಂದಕ್ಷರ ಬಾರದು. ನನ್ನ ಬೂಟು ನೋಡಿ, ತಮ್ಮ ಚಪ್ಪಲಿ ನೋಡಿಕೊಂಡು, ಕೈಸನ್ನೆಯಲ್ಲೇ 'ನಡಿ' ಅಂದರು. ಆ ಐದು ದಿನವೂ ನಾನು ಅವರನ್ನು 'ಅಜ್ಜಾರ' ಅಂತಲೇ ಕರೆದೆ. ಎರಡನೇ ದಿನದಿಂದ ಆ ಹೆಸರಿಗೆ ತಿರುಗಿ ನೋಡತೊಡಗಿದರು.

ಬುಯಿತ್ ರಾಸ್ ಎಂಬಲ್ಲಿ ವ್ಯಾನ್ ಬಿಟ್ಟು ನಡೆಯಲು ಶುರು ಮಾಡಿದೆವು. 'ಸೆಮಿಯೆನ್' ಅಂದರೆ ಅಮ್ಹಾರಿಕ್ ಭಾಷೆಯಲ್ಲಿ ಉತ್ತರ. ಬೆಟ್ಟ ಹತ್ತುವುದು ಅಂದರೆ ಕೆಳಗಿಂದ ಮೇಲೆ ಹೋಗುವುದು ಎಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಆಗಲೇ 3,200 ಮೀಟರ್ ಎತ್ತರದ ಬಯಲಿನಲ್ಲಿ ನಿಂತಿರುತ್ತೀರಿ. ದನ ಮೇಯುವ ಹುಲ್ಲುಗಾವಲಿನಂತೆ ನೆಲ ಸಾಗುತ್ತದೆ, ಸಾಗುತ್ತದೆ, ಆಮೇಲೆ ಇಲ್ಲ. ಹುಲ್ಲಿನ ಅಂಚು ಮುಗಿದಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳದ ಕಂದರ. ಕೆಳಗೆ ಲೆಕ್ಕ ತಪ್ಪುವಷ್ಟು ಗುಡ್ಡ, ಕಂಬದಂಥ ಕಲ್ಲು, ಒಂದರ ಹಿಂದೆ ಒಂದು ನೀಲಿಯಾಗುತ್ತ ಹೋಗುವ ಸಾಲು. ಲಾವಾದ ಪದರಗಳನ್ನು ಲಕ್ಷಾಂತರ ವರ್ಷ ಮಳೆ ನೀರು ಕೊರೆದು ಮಾಡಿದ ಕೆಲಸ ಇದು. ನಾನು ಅಂಚಿನಿಂದ ಮೂರು ಮಾರು ಹಿಂದೆಯೇ ಕುಳಿತುಬಿಟ್ಟೆ.

ಕುಳಿತಲ್ಲೇ ಸಪ್ಪಳ ಕೇಳಿತು. ಪರ್, ಪರ್, ಪರ್. ಹತ್ತಾರು ಕೈಗಳು ಹುಲ್ಲು ಕಿತ್ತಂತೆ. ದಿಬ್ಬದ ಆಚೆ ಗೆಲಡಾಗಳ ಹಿಂಡು, ನೂರಕ್ಕೂ ಹೆಚ್ಚು.

ಗೆಲಡಾ ಇಥಿಯೋಪಿಯಾದ ಎತ್ತರದ ನಾಡು ಬಿಟ್ಟರೆ ಬೇರೆಲ್ಲೂ ಇಲ್ಲದ ಕೋತಿ. ಹಣ್ಣಿನ ಮರವಿಲ್ಲದ ಈ ಬೋಳು ಬೆಟ್ಟದಲ್ಲಿ ಹುಲ್ಲನ್ನೇ ಮುಖ್ಯ ಆಹಾರ ಮಾಡಿಕೊಂಡು ಬದುಕುತ್ತದೆ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಗೆಲಡಾ, ಬೆನ್ನ ಮೇಲೆ ಮರಿ. ಕುಕ್ಕರಗಾಲಲ್ಲಿ ಕುಳಿತು, ಎಡಗೈ ಬಲಗೈ ಎರಡನ್ನೂ ಆಡಿಸುತ್ತ, ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ಎಳೆ ಹುಲ್ಲನ್ನು ಆರಿಸಿ ಕೀಳುತ್ತಿತ್ತು. ಮುಷ್ಟಿ ತುಂಬಿದ ಮೇಲೆ ಬಾಯಿಗೆ. ಅಲ್ಲಿ ಮುಗಿದರೆ ಏಳುವುದಿಲ್ಲ, ಕುಳಿತಂತೆಯೇ ಒಂದಡಿ ಮುಂದಕ್ಕೆ ಜರುಗುತ್ತದೆ. ಹೊಲದಲ್ಲಿ ಸಾಲು ಹಿಡಿದು ಕಳೆ ತೆಗೆಯುವ ನಮ್ಮ ಹೆಣ್ಣುಮಕ್ಕಳು ಜರುಗುವುದು ಥೇಟ್ ಹೀಗೆಯೇ. ಉಗುರಿನ ಸಂದಿಯಲ್ಲಿ ಕರಿಮಣ್ಣು ಕೂತಿತ್ತು. ಅದರ ಎದೆಯ ಮೇಲೆ ಕೂದಲಿಲ್ಲದ ಕೆಂಪು ಚರ್ಮ, ಡಮರುವಿನ ಆಕಾರದಲ್ಲಿ. ಸಿಂಹದಂತೆ ಜೂಲು ಬಿಟ್ಟ ಗಂಡೊಂದು ಮೇಲ್ದುಟಿಯನ್ನು ಹಿಂದಕ್ಕೆ ಮಗುಚಿ, ಗುಲಾಬಿ ವಸಡು, ಉದ್ದ ಹಲ್ಲು ತೋರಿಸಿ ಇನ್ನೊಂದನ್ನು ಓಡಿಸಿತು. ನಮ್ಮ ಕಡೆ ಯಾವುದೂ ತಲೆ ಎತ್ತಲಿಲ್ಲ. ಸಂಜೆಯಾಗುತ್ತಲೇ ಇಡೀ ಹಿಂಡು ಅಂಚಿಗೆ ಹೋಗಿ ಒಂದೊಂದಾಗಿ ಕಂದರದೊಳಕ್ಕೆ ಇಳಿಯಿತು. ರಾತ್ರಿ ಅವು ಮಲಗುವುದು ಆ ಗೋಡೆಯಲ್ಲಿ, ಚಿರತೆಗೂ ನಿಲುಕದ ಕಲ್ಲಿನ ಚಾಚುಗಳ ಮೇಲೆ.

ಬುಧವಾರವಾದ್ದರಿಂದ ಊಟದ ಚಿಂತೆ ಇರಲಿಲ್ಲ. ಇಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ನಮ್ಮ ಗೈಡ್ ಹುಡುಗನದೂ ವ್ರತ. ದೋಸೆಯಂಥ ಅಗಲವಾದ ಇಂಜೆರಾ ಮೇಲೆ ಕಡಲೆಹಿಟ್ಟಿನ ಶಿರೋ, ಬೇಳೆ, ಸೊಪ್ಪು. ಒಂದೇ ತಟ್ಟೆಗೆ ಎಲ್ಲರ ಕೈ. ಸಂಕಾಬರ್ ಕ್ಯಾಂಪ್ 3,250 ಮೀಟರ್ ಎತ್ತರದಲ್ಲಿದೆ. ಡೇರೆಯೊಳಗೆ ಎರಡು ಕಂಬಳಿ ಹೊದ್ದರೂ ಚಳಿ ಕೆಳಗಿನಿಂದ ಬಂತು.

ಗುರುವಾರ, ಗೀಚ್

ಬೆಳಿಗ್ಗೆ ಸರಕು ಹೊತ್ತ ಹೇಸರಗತ್ತೆಗಳು ಬೇರೆ ದಾರಿ ಹಿಡಿದವು. ನಾವು ಕಿರಿದಾದ ಏಣಿನ ಮೇಲೆ ನಡೆದು ಜಿನ್ಬಾರ್ ಜಲಪಾತದ ಎದುರಿಗೆ ಬಂದೆವು. ಸುಮಾರು 500 ಮೀಟರ್ ಬೀಳುವ ನೀರು. ನಮ್ಮ ಜೋಗದ ರಾಜಾ 253 ಮೀಟರ್. ಅದರ ಮೇಲೆ ಇನ್ನೊಂದು ಜೋಗ ಇಟ್ಟ ಹಾಗೆ. ಆದರೆ ಜೋಗದ ಅಬ್ಬರ ಇಲ್ಲಿಲ್ಲ. ಕಂದರ ಅಷ್ಟು ದೊಡ್ಡದು, ನೀರು ಬಿಳಿ ದಾರದಂತೆ ಇಳಿದು ತಳ ಮುಟ್ಟುವ ಮೊದಲೇ ಹೊಗೆಯಾಗುತ್ತದೆ. ನಿಂತಲ್ಲಿಗೆ ಸಪ್ಪಳವೇ ಸರಿಯಾಗಿ ಮುಟ್ಟದು. ದಪ್ಪ ಕೊಕ್ಕಿನ ಕರಿ ಕಾಗೆಯೊಂದು, ಹದ್ದಿನಷ್ಟು ದೊಡ್ಡದು, ನಮ್ಮ ಕಾಲ ಬುಡದಲ್ಲೇ ಓಡಾಡುತ್ತಿತ್ತು.

ಜಿನ್ಬಾರ್ ಹೊಳೆಗೆ ಇಳಿದು, ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿ, ಎದುರಿನ ಏರು ಹತ್ತತೊಡಗಿದೆವು. ಇಲ್ಲಿಂದ ನನಗೆ ಕಷ್ಟ ಶುರುವಾಯಿತು. ಇಪ್ಪತ್ತು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತಿತ್ತು, ಕಣ್ಣಿನ ಹಿಂದೆ ನೋವು. "ಅಣ್ಣಾ, ನಿಂದ್ರ ಸ್ವಲ್ಪ" ಅಂದರೆ ಅಣ್ಣನೂ ನಿಲ್ಲಲು ಕಾಯುತ್ತಿದ್ದವನಂತೆ ಬೆಟ್ಟದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಅಜ್ಜ ಮಾತ್ರ ಮುಂದೆ ಮುಂದೆ. ಈ ಏರಿನಲ್ಲಿ ಅವರ ನಡಿಗೆ ಬೇರೆಯಾಗಿತ್ತು. ದಾರಿ ನೋಡುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ನಾವು ನಡೆಯುವ ಹಾಗೆ ನಡೆಯುತ್ತಿದ್ದರು.

ಅರ್ಧ ಏರಿದ ಮೇಲೆ ಇಳಿಜಾರು ಹರವಾಯಿತು. ಮೊಣಕಾಲೆತ್ತರ ಹುಲ್ಲು. ಹುಲ್ಲಿನೊಳಗೆ ಕಾಲಿಗೆ ಕಲ್ಲು ತಾಗಿತು. ನೋಡಿದರೆ ದುಂಡಗೆ ಜೋಡಿಸಿದ ಕಲ್ಲು. ಅಲ್ಲೊಂದು, ಅದರಾಚೆ ಇನ್ನೊಂದು, ಇಳಿಜಾರಿನ ತುಂಬ. ನಡುವೆ ಹೊಲದ ಬದುಗಳ ಗೆರೆ ಇನ್ನೂ ಕಾಣುತ್ತಿತ್ತು.

ಅಜ್ಜ ಒಂದು ಸುತ್ತಿನ ಕಲ್ಲಿನ ಹತ್ತಿರ ನಿಂತು ಬಂದೂಕು ಇಳಿಸಿ ಏನೋ ಅಂದರು. ಗೈಡ್ ಹುಡುಗ ನಮ್ಮ ಕಡೆ ತಿರುಗಿ ಹೇಳಿದ: "ಇದು ಅವರ ಮನೆ."

ಗೀಚ್ ಇಲ್ಲಿದ್ದ ಊರು. 400ಕ್ಕೂ ಹೆಚ್ಚು ಕುಟುಂಬ ಈ ಎತ್ತರದಲ್ಲಿ ಜವೆಗೋಧಿ ಬೆಳೆದು, ಕುರಿ ದನ ಸಾಕಿ ಬದುಕಿದ್ದರು. ಸಿಮಿಯನ್ 1978ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ವಿಶ್ವ ಪರಂಪರೆಯ ತಾಣಗಳೆಂದು ಆರಿಸಿದ ಮೊಟ್ಟಮೊದಲ 12 ಜಾಗಗಳಲ್ಲಿ ಇದೂ ಒಂದು. ವಾಲಿಯಾ ಕಾಡುಮೇಕೆ ಕಡಿಮೆಯಾಗುತ್ತಿದೆ, ಬೇಸಾಯ ಮತ್ತು ಮೇವಿನ ಒತ್ತಡ ಹೆಚ್ಚುತ್ತಿದೆ ಎಂದು 1996ರಲ್ಲಿ ಅಪಾಯದ ಪಟ್ಟಿಗೆ ಹೋಯಿತು. 2016ರಲ್ಲಿ ಗೀಚ್ ಜನರನ್ನು ಕೆಳಗೆ ಡೆಬಾರ್ಕ್‌ಗೆ ಸ್ಥಳಾಂತರಿಸಿದರು. 2017ರಲ್ಲಿ ಸಿಮಿಯನ್ ಅಪಾಯದ ಪಟ್ಟಿಯಿಂದ ಹೊರಬಂತು. ಹುಡುಗ ಇದನ್ನೆಲ್ಲ ಪಾಠ ಒಪ್ಪಿಸುವಂತೆ ಹೇಳುತ್ತಿದ್ದ. ಅಜ್ಜ ಬಗ್ಗಿ ಒಂದು ಕಲ್ಲನ್ನು ಅದರ ಜಾಗಕ್ಕೆ ಸರಿಸಿಟ್ಟರು.

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ.

ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾದ ಓಣಿಯಲ್ಲಿ ನಮ್ಮ ಮನೆ ಇತ್ತು. ಮನೆ ಬಿಡುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಪರಿಹಾರ, ಅಳತೆ, ನೋಟಿಸು, ಪ್ಲಾಟು, ಸೆಕ್ಟರ್ ನಂಬರ್: ನಮ್ಮ ಮನೆಯಲ್ಲಿ ಐದಾರು ವರ್ಷ ಈ ಮಾತುಗಳನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಆಯಿ ಬೀಸುಕಲ್ಲನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದು, ಅದನ್ನು ಚಕ್ಕಡಿಯಲ್ಲಿ ನವನಗರಕ್ಕೆ ತರಿಸಿದಳು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗೋಡೆಯ ಬುಡ ಕಾಣುತ್ತದೆ. ಅಪ್ಪ ಪ್ರತಿ ಮೇ ತಿಂಗಳು ಅಲ್ಲಿಗೆ ಹೋಗಿ, ನಮ್ಮ ಪಡಸಾಲೆ ಇದ್ದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಯಾಕೆ ಹೋಗುತ್ತೀರಿ ಅಂತ ನಾವು ಕೇಳಿಲ್ಲ.

ಬೆಟ್ಟ ನೋಡಲು ಬಂದವಳು ಆ ಹುಲ್ಲಿನಲ್ಲಿ ಕುಳಿತು ಅತ್ತೆ. ತಲೆನೋವಿಗೆ ಅತ್ತಳು ಅಂದುಕೊಂಡು ಹುಡುಗ ನೀರು ಕೊಟ್ಟ.

ಅಲ್ಲೇ ಊಟಕ್ಕೆ ಕುಳಿತೆವು. ಚೀಲ ಬಿಚ್ಚಿ ಅಜ್ಜನ ಕೈಗೊಂದು ಕಡಕ್ ರೊಟ್ಟಿ ಕೊಟ್ಟು ಮೇಲೆ ಒಂದು ಚಮಚ ಗುರೆಳ್ಳ ಹಿಂಡಿ ಹಾಕಿದೆ. ಅವರು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹಿಂಡಿಯನ್ನು ಮೂಗಿನ ಹತ್ತಿರ ತಂದರು. ಮುಖ ಅರಳಿತು.

"ನುಗ್!" ಅಂದರು.

ಹುಡುಗನೂ ಚಿಟಿಕೆ ತೆಗೆದು ನೆಕ್ಕಿ "ನುಗ್!" ಅಂದ. ಬುಧವಾರ ದಾರಿಯಲ್ಲಿ ಕಂಡ ಹಳದಿ ಹೂವಿನ ಪಟ್ಟಿಗಳು ಇವೇ, ನಮ್ಮ ಗುರೆಳ್ಳು. ಮೈಸೂರಿನ ಕಡೆಯವರ ಹುಚ್ಚೆಳ್ಳು. ಅದರ ತವರೇ ಇಥಿಯೋಪಿಯಾ. ಇಲ್ಲಿ ಅಡುಗೆ ಎಣ್ಣೆ ಅಂದರೆ ಮೊದಲು ನೆನಪಾಗುವುದು ನುಗ್ ಎಣ್ಣೆ. ಅಜ್ಜ ರೊಟ್ಟಿ ಮುರಿದು ಬಾಯಿಗಿಟ್ಟು, ಮೆಲ್ಲಗೆ ಅಗಿದು, ಇನ್ನೊಂದು ಹೆಸರು ಹೇಳಿದರು: "ಮಾಶಿಲ್ಲಾ." ಜೋಳ. ಬಿಳಿ ಜೋಳದ ರೊಟ್ಟಿ ಅಂದರೆ ನಮ್ಮದು, ಉತ್ತರ ಕರ್ನಾಟಕದ್ದು, ಅಂತ ಎದೆ ಉಬ್ಬಿಸಿ ಹೇಳಿಕೊಳ್ಳುವವರು ನಾವು. ಆ ಜೋಳವನ್ನು ಮೊದಲು ಒಕ್ಕಲು ಹಚ್ಚಿದ್ದು ಇಲ್ಲಿಂದ ಪಶ್ಚಿಮಕ್ಕೆ, ಸುಡಾನಿನ ಬಯಲಿನಲ್ಲಿ. ರಾಗಿ ಬಂದದ್ದೂ ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನಾಡಿನಿಂದ. ಇವರು ಅದನ್ನು ದಾಗುಸಾ ಎನ್ನುತ್ತಾರೆ. ನನ್ನ ತಟ್ಟೆಯಲ್ಲಿದ್ದ ಜೋಳ, ಗುರೆಳ್ಳು ಎರಡೂ ಸಾವಿರಾರು ವರ್ಷದ ಹಿಂದೆ ಈ ದಿಕ್ಕಿನಿಂದ ಸಮುದ್ರ ದಾಟಿ ಬಂದು, ಬಾಗಲಕೋಟೆಯ ಎರೆ ನೆಲದಲ್ಲಿ ಬೇರು ಬಿಟ್ಟು, ಈಗ ನನ್ನ ಚೀಲದಲ್ಲಿ ತಿರುಗಿ ಬಂದಿದ್ದವು.

ಊಟವಾದ ಮೇಲೆ ಅಣ್ಣ ಹುಡುಗನ ಮೂಲಕ ಅಜ್ಜನಿಗೆ ನಮ್ಮೂರಿನ ಕಥೆ ಹೇಳಿದ. ಹಿನ್ನೀರು, ನವನಗರ, ಎಲ್ಲ. ಅಜ್ಜ ಪೂರ್ತಿ ಕೇಳಿದರು. ಆಮೇಲೆ ಅವರು ಹೇಳಿದ್ದನ್ನು ಹುಡುಗ ತುಂಡುತುಂಡಾಗಿ ಹೇಳಿದ: "ಜಾಗ ಕೊಟ್ಟರು, ದುಡ್ಡು ಕೊಟ್ಟರು. ಮಕ್ಕಳಿಗೆ ಶಾಲೆ ಹತ್ತಿರವಾಯಿತು. ಆಸ್ಪತ್ರೆ ಹತ್ತಿರವಾಯಿತು. ನನ್ನ ಕೈಗೆ ಕೆಲಸ ಇರಲಿಲ್ಲ. ಸ್ಕೌಟ್ ಆದರೆ ತಿಂಗಳಿಗೆ ಒಂದೆರಡು ಸಲ ಈ ದಾರಿಯಲ್ಲಿ ಬರಬಹುದು."

ಕಾಡುಮೇಕೆ ಉಳಿಯಬೇಕು, ತೋಳ ಉಳಿಯಬೇಕು, ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಇಷ್ಟು ಕಡಿದಾದ ಇಳಿಜಾರನ್ನು ಉತ್ತರೆ ಮಣ್ಣು ಹೊಳೆಗೆ ಹೋಗುತ್ತದೆ, ಅದೂ ಕಣ್ಣಿಗೆ ಕಾಣುತ್ತದೆ. ಹಾಗೆಯೇ ನೀರಾವರಿ ಬೇಡ ಅಂತ ನಮ್ಮ ಅಪ್ಪನೂ ಒಂದು ದಿನವೂ ಅಂದವರಲ್ಲ. ಆದರೆ 'ಯಶಸ್ವಿ ಸ್ಥಳಾಂತರ' ಅಂತ ವರದಿ ಬರೆಯುವವರು ಒಮ್ಮೆ ಈ ಏರು ಹತ್ತಿ, ಊರು ಬಿಟ್ಟವನ ಜೊತೆ ಆ ಕಲ್ಲಿನ ಸುತ್ತಿನೊಳಗೆ ಕುಳಿತು ಊಟ ಮಾಡಬೇಕು. ಅಷ್ಟನ್ನಂತೂ ಕೇಳುವ ಹಕ್ಕು ಮುಳುಗಡೆಯವರಾದ ನಮಗಿದೆ.

ಗೀಚ್ ಕ್ಯಾಂಪ್ 3,600 ಮೀಟರ್. ಸಂಜೆ ತಲೆನೋವು ಹೆಚ್ಚಾಗಿ ಏನೂ ತಿನ್ನಲಾಗಲಿಲ್ಲ. ಅಜ್ಜ ಬೆಳ್ಳುಳ್ಳಿ ಹಾಕಿದ ಬಿಸಿ ಸಾರು ತಂದು ಡೇರೆಯ ಬಾಗಿಲಲ್ಲಿ ಇಟ್ಟು ಹೋದರು.

ಶುಕ್ರವಾರ, ಇಮೆತ್ ಗೋಗೋ

ಬೆಳಗಿನ ಜಾವ ಹೊರಗೆ ಬಂದರೆ ಹುಲ್ಲಿನ ಮೇಲೆ ಬಿಳಿ ಹಿಮ. ಆ ಹುಲ್ಲಿನ ನಡುವೆ ಆಳೆತ್ತರ ಮೀರಿದ ಲೊಬೇಲಿಯಾ ಗಿಡಗಳು ಕಂಬದಂತೆ ನಿಂತಿದ್ದವು. ಹಲವು ವರ್ಷ ಎಲೆಯನ್ನಷ್ಟೇ ಬೆಳೆಸಿ, ಒಂದೇ ಒಂದು ಸಲ ಉದ್ದನೆಯ ಹೂಗೊಂಚಲು ಬಿಟ್ಟು ಗಿಡ ಸಾಯುತ್ತದೆ. ಸತ್ತ ಮೇಲೂ ಬಹಳ ದಿನ ಬೀಳುವುದಿಲ್ಲ. ದೂರದಿಂದ ನೋಡಿದರೆ ಬಯಲಿನಲ್ಲಿ ಜನ ನಿಂತಂತೆ ಕಾಣುತ್ತದೆ.

ದಾರಿಯಲ್ಲಿ ಒಂದು ಕಡೆ ಎರಿಕಾ ಮರಗಳು ಕಪ್ಪಾಗಿ ಸುಟ್ಟಿದ್ದವು. ಅದೇ ವರ್ಷ ಮಾರ್ಚ್ ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು, ಸ್ಥಳೀಯರು ದಿನಗಟ್ಟಲೆ ಕೈಯಲ್ಲೇ ಹೋರಾಡಿದ ಮೇಲೆ ಕೀನ್ಯಾದಿಂದ ಹೆಲಿಕಾಪ್ಟರ್, ಇಸ್ರೇಲಿನಿಂದ ತಜ್ಞರು ಬಂದಿದ್ದರು. ಸುಟ್ಟ ಬೊಡ್ಡೆಗಳ ಬುಡದಲ್ಲಿ ಬೆರಳುದ್ದ ಹೊಸ ಚಿಗುರು ಬಂದಿತ್ತು.

ಇಮೆತ್ ಗೋಗೋ 3,926 ಮೀಟರ್. ಬೆಟ್ಟದ ಬಯಲಿನಿಂದ ಮೂಗು ಚಾಚಿದಂತೆ ಒಂದು ಬಂಡೆ ಕಂದರದ ಮೇಲೆ ಹೊರಬಂದಿದೆ. ಮೂರು ಕಡೆ ಏನೂ ಇಲ್ಲ. ಬುಧವಾರ ಅಂಚಿನಿಂದ ಮೂರು ಮಾರು ಹಿಂದೆ ಕುಳಿತವಳು ಇಲ್ಲಿ ಕೊನೆಯವರೆಗೂ ಹೋದೆ, ಕೊನೆಯ ಹತ್ತು ಹೆಜ್ಜೆ ಅಂಗಾಲಿನ ಬದಲು ಅಂಗೈಯಲ್ಲಿ. ಬಂಡೆಯ ತುದಿಯಲ್ಲಿ ಬೋರಲಾಗಿ ಮಲಗಿ ಕೆಳಗೆ ನೋಡಿದೆ. ನಮ್ಮ ಕೆಳಗೆ ಹದ್ದು ಹಾರುತ್ತಿತ್ತು, ಅದರ ಬೆನ್ನು ಕಾಣುತ್ತಿತ್ತು. ಹದ್ದಿನ ಕೆಳಗೆ ಮೋಡದ ಚೂರು. ಮೋಡದ ಕೆಳಗೆ ಬದಾಮಿಯ ಬೆಟ್ಟವನ್ನು ನೂರು ಸಲ ಇಟ್ಟರೂ ತುಂಬದಷ್ಟು ಬಯಲು, ಅದರಲ್ಲಿ ಗೋಪುರ, ಗೋಡೆ, ಹೊಳೆಯ ಗೆರೆ. ತಳದಲ್ಲಿ ಎಲ್ಲೋ ನಾಯಿ ಬೊಗಳಿದ್ದು ಮೇಲಕ್ಕೆ ಕೇಳಿತು. ಅಣ್ಣ ಪಕ್ಕದಲ್ಲಿ ಮಲಗಿ "ಮಾತಾಡ ತಂಗಿ" ಅಂದ. ಆಡಲು ಮಾತಿರಲಿಲ್ಲ. ಒಂದು ತಾಸು ಹಾಗೆಯೇ ಇದ್ದೆವು. ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಬಿಡುವಿದೆ ಅಂದರೆ ನಾನು ಇದನ್ನೇ ಹೇಳುವೆ.

ಅಲ್ಲಿಂದ ಇನಾತ್ಯೆ ಎಂಬ 4,070 ಮೀಟರಿನ ನೆತ್ತಿ ಹಾದು ಚೆನ್ನೆಕ್‌ಗೆ ಇಳಿದೆವು. ಒಟ್ಟು ಒಂಬತ್ತು ತಾಸಿನ ನಡಿಗೆ. ಮಧ್ಯಾಹ್ನದ ನಂತರದ ದಾರಿ ನನಗೆ ಹೆಚ್ಚು ನೆನಪಿಲ್ಲ, ಮೊಣಕಾಲು ನೆನಪಿದೆ. ಒಂದು ನೆನಪು ಮಾತ್ರ ಸ್ವಚ್ಛ: ಅಜ್ಜ ತಟ್ಟನೆ ನಿಂತು ಬಂದೂಕಿನ ತುದಿಯಿಂದ ತೋರಿಸಿದರು. ಹುಲ್ಲಿನಲ್ಲಿ ಕೆಂಪು ಮೈ, ಉದ್ದ ಮೂತಿ, ಬಿಳಿ ಗಂಟಲು. 'ಕೆಯ್ ಕೆಬೆರೊ', ಇಥಿಯೋಪಿಯಾದ ತೋಳ. ಇಲಿಯ ಬಿಲದ ಮೇಲೆ ಕಿವಿ ನಿಮಿರಿಸಿ ನಿಂತಿತ್ತು. ಇಡೀ ಜಗತ್ತಿನಲ್ಲಿ ಈ ಜಾತಿಯವು ಉಳಿದಿರುವುದು 500ರ ಆಸುಪಾಸು. ಅಜ್ಜ ಅದನ್ನು ನೋಡಿ ನಕ್ಕರು. ತಮ್ಮ ಮನೆಯ ಹುಲ್ಲಿನಲ್ಲಿ ಈಗ ಓಡಾಡುವುದು ಯಾರು ಎಂದು ಅವರಿಗೆ ಗೊತ್ತು. ಆ ನಗುವಿನಲ್ಲಿ ಹಗೆ ಇರಲಿಲ್ಲ.

ಶನಿವಾರ, ಬ್ವಾಹಿತ್

ಚೆನ್ನೆಕ್ ಕ್ಯಾಂಪಿನ ಮೇಲಿನ ಕಡಿದಾದ ಹುಲ್ಲಿನಲ್ಲಿ ಏಳು ವಾಲಿಯಾಗಳು. ಹಿಂದಕ್ಕೆ ಬಾಗಿದ ಕತ್ತಿಯಂಥ ಕೋಡು, ಗಂಟುಗಂಟು. ಈ ಕಾಡುಮೇಕೆ ಸಿಮಿಯನ್ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಇಥಿಯೋಪಿಯಾದ ಫುಟ್‌ಬಾಲ್ ತಂಡವನ್ನು ಜನ ಕರೆಯುವುದೂ 'ವಾಲಿಯಾ' ಎಂದೇ. ಕಾಲಿಡಲು ಅಂಗೈಯಗಲ ಜಾಗವಿಲ್ಲದ ಗೋಡೆಯಲ್ಲಿ ಮರಿಯೊಂದು ಕುಣಿದಾಡುತ್ತಿತ್ತು.

ಬ್ವಾಹಿತ್ 4,430 ಮೀಟರ್. ಚೆನ್ನೆಕ್‌ನಿಂದ 800 ಮೀಟರಿನಷ್ಟು ಏರು. ನನ್ನ ಮಟ್ಟಿಗೆ ಇದು ಛಲದ ಹತ್ತಾಟ, ನೋಟದ್ದಲ್ಲ. ಮೋಡ ಕವಿದು ಅರ್ಧ ಹೊತ್ತು ನಮ್ಮ ಕಾಲೇ ನಮಗೆ ಕಾಣಲಿಲ್ಲ. ತುದಿ ಮುಟ್ಟಿ ಕಾಲು ತಾಸು ಕಳೆದ ಮೇಲೆ ಮೋಡ ಸರಿದು, ಮೆಶೆಹಾ ಹೊಳೆಯ ಕಣಿವೆಯಾಚೆ ರಾಸ್ ದಶೆನ್ ಕಂಡಿತು. 4,550 ಮೀಟರ್, ಇಥಿಯೋಪಿಯಾದ ಅತಿ ಎತ್ತರದ ಶಿಖರ. ಇಳಿದು, ಹೊಳೆ ದಾಟಿ, ಮತ್ತೆ ಹತ್ತಿ ಬರಲು ಇನ್ನೂ ಮೂರು ದಿನ ಬೇಕು. ನಮ್ಮ ಹತ್ತಿರ ಮೂರು ದಿನ ಇರಲಿಲ್ಲ. ಇಳಿಯುವಾಗ ಗಡ್ಡವಿರುವ ಲ್ಯಾಮರ್‌ಗೈಯರ್ ಹದ್ದೊಂದು ಕಾಲಲ್ಲಿ ಮೂಳೆ ಹಿಡಿದು ಮೇಲೇರಿ, ಬಂಡೆಯ ಮೇಲೆ ಬೀಳಿಸಿತು. ಒಡೆಯಲಿಲ್ಲ. ಮತ್ತೆ ಎತ್ತಿಕೊಂಡು ಹೋಯಿತು.

ರವಿವಾರ, ಡೆಬಾರ್ಕ್

ಚೆನ್ನೆಕ್‌ನಿಂದ ವ್ಯಾನ್‌ನಲ್ಲಿ ಡೆಬಾರ್ಕ್. ಕಚೇರಿಯ ಮುಂದೆ ಇಳಿದು ಹಣ ಲೆಕ್ಕ ಮಾಡುವಾಗ ಅಜ್ಜ ಒಂದೇ ಮಾತು ಹೇಳಿದರು: "ಬುನ್ನಾ." ಕಾಫಿ. ಮನೆಗೆ ಬನ್ನಿ ಅಂತ.

ಊರ ಅಂಚಿನಲ್ಲಿ ತಗಡಿನ ಮನೆಗಳ ಸಾಲು. ಎಲ್ಲ ಒಂದೇ ಅಳತೆ, ನೇರ ಬೀದಿ. ನನಗೆ ದಾರಿ ಕೇಳುವ ಅಗತ್ಯವೇ ಇಲ್ಲದಂತೆ ಅನಿಸಿತು. ನವನಗರದಲ್ಲಿ ನಾವು ಮೊದಲ ವರ್ಷ ಇದ್ದದ್ದು ಇಂಥದೇ ಬೀದಿಯಲ್ಲಿ. ಒಳಗೆ ಅಜ್ಜಿ ನೆಲಕ್ಕೆ ಹಸಿ ಹುಲ್ಲು ಹಾಸಿ, ಕೆಂಡದ ಒಲೆಯ ಮೇಲೆ ಹಸಿ ಕಾಫಿ ಬೀಜ ಹುರಿದು, ಹೊಗೆಯಾಡುವ ತಗಡನ್ನು ನಮ್ಮ ಮೂಗಿನ ಮುಂದೆ ತಂದರು. ಕುಟ್ಟಿ, ಕರಿ ಮಣ್ಣಿನ ಜೆಬೆನಾದಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಎತ್ತರದಿಂದ ಸುರಿದರು. ಮೂರು ಸುತ್ತು ಕುಡಿಯಬೇಕು: ಅಬೊಲ್, ತೊನಾ, ಬೆರೆಕಾ. ನಡುವೆ ಎದ್ದು ಹೋಗುವಂತಿಲ್ಲ. ಬಾಬಾಬುಡನ್‌ಗಿರಿಗೆ ಕಾಫಿ ಯೆಮೆನ್‌ನಿಂದ ಬಂತು ಅನ್ನುತ್ತೇವೆ. ಯೆಮೆನ್‌ಗೆ ಅದು ಹೋದದ್ದು ಈ ನಾಡಿನಿಂದ.

ಮೂಲೆಯಲ್ಲಿ ಅರೆಯುವ ಕಲ್ಲು ಇತ್ತು. ಮಧ್ಯ ತಗ್ಗು ಬಿದ್ದು ನುಣುಪಾದದ್ದು. ನಾನು ಅದನ್ನು ನೋಡುತ್ತಿದ್ದುದನ್ನು ಕಂಡು ಅಜ್ಜಿ ಹುಡುಗನಿಗೆ ಹೇಳಿದರು. ಅವನು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು: ಗೀಚ್‌ನಿಂದ ಹೇಸರಗತ್ತೆಯ ಮೇಲೆ ತಂದದ್ದು.

ಉಳಿದ ಗುರೆಳ್ಳ ಹಿಂಡಿಯನ್ನು ಡಬ್ಬಿ ಸಮೇತ ಅಜ್ಜಿಗೆ ಕೊಟ್ಟೆ. ಅವರು ಬೆರಳಿಗೆ ಹಚ್ಚಿ ನೋಡಿ, ಖಾರಕ್ಕೆ ಕಣ್ಣರಳಿಸಿ, ಬೆಳ್ಳುಳ್ಳಿ ಎಷ್ಟು ಎಂದು ಕೇಳಿದರು. ಹೊರಡುವಾಗ ಡಬ್ಬಿ ತೊಳೆದು ಒರೆಸಿ, ಹುರಿದ ಜವೆಗೋಧಿಯ ಕೊಲೊ ತುಂಬಿ ತಿರುಗಿ ಕೊಟ್ಟರು. ಕೊಟ್ಟ ಡಬ್ಬಿಯನ್ನು ಖಾಲಿ ತಿರುಗಿಸಬಾರದು ಅಂತ ಆಯಿ ಹೇಳುತ್ತಿದ್ದಳು.

ಮುಂದಿನ ವರ್ಷ ನವೆಂಬರ್‌ನಲ್ಲಿ ಉತ್ತರ ಇಥಿಯೋಪಿಯಾದಲ್ಲಿ ಯುದ್ಧ ಶುರುವಾಯಿತು. ಅದರ ಬಿಸಿ ಡೆಬಾರ್ಕ್ ಸೀಮೆಗೂ ತಟ್ಟಿತು. ಅಣ್ಣ ಕೆಲಸ ಬಿಟ್ಟು ಬಂದ. ಅಜ್ಜನ ಫೋನಿಗೆ ಈಗಲೂ ಆಗಾಗ ಹಚ್ಚುತ್ತಾನೆ, ಹತ್ತುವುದಿಲ್ಲ. ಆ ತಗಡಿನ ಬೀದಿಯನ್ನು ನೆನೆದು ನಾನು ಎಷ್ಟೋ ರಾತ್ರಿ ನಿದ್ದೆ ಮಾಡಿಲ್ಲ.

ಡಬ್ಬಿ ನವನಗರಕ್ಕೆ ಬಂದ ದಿನದ ಮಾತು ಒಂದಿದೆ. ಅಪ್ಪ ಪಡಸಾಲೆಯಲ್ಲಿ ಕುಳಿತು ಕೊಲೊ ಅಗಿಯುತ್ತ ಫೋಟೋ ನೋಡಿದರು. ಗೆಲಡಾ, ಕಂದರ, ತೋಳ, ಎಲ್ಲವನ್ನೂ ಬೇಗ ಬೇಗ ಸರಿಸಿದರು. ಗೀಚ್‌ನ ಕಲ್ಲಿನ ಸುತ್ತಿನೊಳಗೆ ಅಜ್ಜ ನಿಂತ ಫೋಟೋ ಬಂದಾಗ ಕನ್ನಡಕ ಸರಿಮಾಡಿಕೊಂಡರು. ನಾನು ಆ ಊರಿನ ಸಂಗತಿ ಹೇಳಿದೆ.

"ಅಲ್ಲೇನು, ನೀರ ಬಂತೇನ?" ಅಂದರು.

"ಇಲ್ಲಪ್ಪಾ. ಹುಲ್ಲ ಬಂತು."

ಅಪ್ಪ ಬಹಳ ಹೊತ್ತು ಆ ಫೋಟೋ ಹಿಡಿದುಕೊಂಡಿದ್ದರು. ಆಮೇಲೆ ಡಬ್ಬಿಗೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದುಕೊಂಡರು.